ಹುಟ್ಟಿದ ಊರು ಯಾವುದು?



ಆಸ್ಪತ್ರೆಗೆ ಹೋದರೆ ಹೆಸರು ಕೇಳುತ್ತಾರೆ, ವಯಸ್ಸು ಕೇಳುತ್ತಾರೆ, ವಿಳಾಸ ಬರೆದುಕೊಳ್ಳುತ್ತಾರೆ. ಹುಟ್ಟಿದ ಊರು ಯಾವುದು ಎಂದು ಮಾತ್ರ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕೇಳಿದರೂ ಅದು ಮಾತಿಗೆ ಮಾತು ಬೆಳೆಸುವುದಕ್ಕಷ್ಟೇ. ಆದರೆ ಅದೇ ಪ್ರಶ್ನೆಯಿಂದ ಒಂದು ಹೊಸ ಕ್ಯಾನ್ಸರ್ ಬೆಳಕಿಗೆ ಬಂತು, ಆ ಕ್ಯಾನ್ಸರಿನಿಂದ ಒಂದು ವೈರಸ್ಸು ಸಿಕ್ಕಿತು, ಆ ವೈರಸ್ಸಿನ ಬೆನ್ನು ಹತ್ತಿದವರಿಗೆ ರೋಗ ತಡೆಯುವ ದಾರಿಯೂ ಕಂಡಿತು. ಟಿ-ಕೋಶದ ಲಿಂಫೋಮಾ ಎಂಬ ಕಾಯಿಲೆಯ ಬಗ್ಗೆ ಇವತ್ತು ಮಾತಾಡಬೇಕಾಗಿದೆ. ಅದರಲ್ಲಿ ಹತ್ತಾರು ಬಗೆಗಳಿವೆ. ನಾನು ಆರಿಸಿಕೊಂಡಿರುವುದು ಜಪಾನಿನಲ್ಲಿ ಮೊದಲು ಗುರುತಿಸಿದ ಒಂದನ್ನು ಮಾತ್ರ.

1970ರ ದಶಕದ ಮಾತು. ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಕಿಯೋಶಿ ತಕಾತ್ಸುಕಿ ಎಂಬ ವೈದ್ಯರೂ ಅವರ ಕಿರಿಯ ಸಹೋದ್ಯೋಗಿ ತಕಾಶಿ ಉಚಿಯಾಮ ಅವರೂ ಒಂದು ವಿಚಿತ್ರ ಬಗೆಯ ರಕ್ತ ಕ್ಯಾನ್ಸರ್ ರೋಗಿಗಳನ್ನು ನೋಡುತ್ತಿದ್ದರು. ಮಕ್ಕಳಿಗೆ ಬರುವ ರಕ್ತ ಕ್ಯಾನ್ಸರ್ ಅದಲ್ಲ, ಬಂದವರೆಲ್ಲ ದೊಡ್ಡವರು. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಗಂಟುಗಳು. ಯಕೃತ್ತು, ಗುಲ್ಮ ಊದಿಕೊಂಡಿವೆ. ಮೈಮೇಲೆ ಗುಳ್ಳೆ, ದದ್ದು. ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿಳಿ ರಕ್ತಕಣದ ಕೇಂದ್ರ ಎಸಳೆಸಳಾಗಿ ಸೀಳಿಕೊಂಡಿರುತ್ತಿತ್ತು. ಹೂಕೋಶ ಎಂಬ ಹೆಸರೇ ಅದಕ್ಕೆ ನಿಂತಿತು.

ಆ ಕಣ ಯಾವ ಜಾತಿಯದು ಎಂದು ತಿಳಿಯಲು ಆಗ ಇದ್ದದ್ದು ಒಂದು ಸರಳ ಪರೀಕ್ಷೆ. ಕುರಿಯ ಕೆಂಪು ರಕ್ತಕಣಗಳನ್ನು ಬೆರೆಸಿ ಇಡುವುದು. ಟಿ-ಕೋಶವಾದರೆ ಅವು ಬಂದು ಸುತ್ತಲೂ ಅಂಟಿಕೊಳ್ಳುತ್ತವೆ, ಬಿ-ಕೋಶವಾದರೆ ಅಂಟುವುದಿಲ್ಲ. ಈ ರೋಗಿಗಳ ಕಣಗಳಿಗೆ ಅಂಟಿಕೊಂಡವು. ಟಿ-ಕೋಶದ ರಕ್ತ ಕ್ಯಾನ್ಸರ್ ದೊಡ್ಡವರಲ್ಲಿ, ಅದೂ ಇಷ್ಟೊಂದು ಜನರಲ್ಲಿ! 1977ರಲ್ಲಿ ಅವರು 16 ರೋಗಿಗಳ ವಿವರವನ್ನು 'ಬ್ಲಡ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಲ್ಲಿ ರೋಗಿಗಳು ಹುಟ್ಟಿದ ಊರುಗಳೂ ಇದ್ದವು. 16 ಜನರಲ್ಲಿ 13 ಜನ ಹುಟ್ಟಿದ್ದು ಕ್ಯೋಟೊದಲ್ಲಲ್ಲ, ಅಲ್ಲಿಂದ ಎಷ್ಟೋ ದೂರದಲ್ಲಿ, ದೇಶದ ನೈರುತ್ಯ ಮೂಲೆಯಲ್ಲಿರುವ ಕ್ಯೂಶು ದ್ವೀಪದಲ್ಲಿ.

ಕ್ಯೂಶುವಿನಲ್ಲಿ ವೈದ್ಯರಿರಲಿಲ್ಲವೇ? ಇದ್ದರು, ಒಳ್ಳೆಯ ವೈದ್ಯರೇ ಇದ್ದರು. ಆದರೆ ನನಗನ್ನಿಸುವುದು ಹೀಗೆ: ಅಲ್ಲಿ ಆ ರೋಗ ದಿನಬೆಳಗಾದರೆ ಕಾಣುವಂಥದ್ದು, ಆದ್ದರಿಂದ ಅದರಲ್ಲಿ ವಿಶೇಷವೇನೂ ಇದೆ ಎಂದು ತೋಚದು. ರೋಗಿ ಊರು ಬಿಟ್ಟು ಬೇರೆಡೆಗೆ ಬಂದಾಗಲೇ ಅವನ ಕಾಯಿಲೆ ಪರಕೀಯವಾಗಿ ಕಾಣಿಸಿದ್ದು. ಹೊಟ್ಟೆಪಾಡಿಗೆ ವಲಸೆ ಬಂದವರ ಮೂಲಕ ವಿಜ್ಞಾನಕ್ಕೆ ಒದಗಿದ ತಿಳಿವಳಿಕೆಯ ಪಟ್ಟಿ ಮಾಡಿದರೆ ಅದು ಸಣ್ಣದಾಗಲಾರದು.

ಈಗ ಸ್ವಲ್ಪ ಹಿಂದೆ ಸರಿದು ಟಿ-ಕೋಶ ಎಂದರೇನು ಎಂದು ಹೇಳಿಬಿಡುತ್ತೇನೆ. ನಮ್ಮ ಎದೆಗೂಡಿನಲ್ಲಿ, ಎದೆಮೂಳೆಯ ಹಿಂದೆ, ಥೈಮಸ್ ಎಂಬ ಒಂದು ಗ್ರಂಥಿ ಇದೆ. ವಯಸ್ಸಾದಂತೆ ಕುಗ್ಗಿ ಹೋಗುವ ಈ ಗ್ರಂಥಿಗೆ ಕೆಲಸವೇ ಇಲ್ಲವೆಂದು ಬಹಳ ಕಾಲ ನಂಬಿದ್ದರು. 1961ರಲ್ಲಿ ಜಾಕ್ ಮಿಲ್ಲರ್ ಎಂಬ ವಿಜ್ಞಾನಿ ಹುಟ್ಟಿದ ಕೂಡಲೇ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಆ ಮರಿಗಳು ಸೋಂಕು ತಾಳಲಾರದೆ ಸತ್ತವು. ಅಸ್ಥಿಮಜ್ಜೆಯಲ್ಲಿ ಹುಟ್ಟಿದ ಕೆಲವು ಬಿಳಿ ರಕ್ತಕಣಗಳು ಈ ಗ್ರಂಥಿಯಲ್ಲಿ ಪಳಗುತ್ತವೆ. ಯಾವುದು ನಮ್ಮದು, ಯಾವುದು ಹೊರಗಿನದು ಎಂಬ ಪಾಠ ಕಲಿತು ಹೊರಬರುತ್ತವೆ. ಅವೇ ಟಿ-ಕೋಶಗಳು. ಕೆಲವು ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುತ್ತವೆ, ಕೆಲವು ಇತರ ಕೋಶಗಳಿಗೆ ಆಜ್ಞೆ ಕೊಡುತ್ತವೆ, ಇನ್ನು ಕೆಲವು ಜಗಳ ಅತಿಯಾಗದಂತೆ ತಣಿಸುತ್ತವೆ. ಬಿ-ಕೋಶಗಳದ್ದು ಪ್ರತಿಕಾಯ ತಯಾರಿಸುವ ಕೆಲಸ. ಇವುಗಳಲ್ಲಿ ಯಾವುದೇ ಒಂದು ಕೋಶ ಹತೋಟಿ ತಪ್ಪಿ ಬೆಳೆದು ದುಗ್ಧಗ್ರಂಥಿಗಳಲ್ಲಿ ಗಂಟಾದರೆ ಅದು ಲಿಂಫೋಮಾ, ರಕ್ತದಲ್ಲಿ ಹರಡಿದರೆ ರಕ್ತ ಕ್ಯಾನ್ಸರ್; ನಮ್ಮ ಕಥೆಯ ರೋಗಕ್ಕೆ ಈ ಎರಡು ರೂಪವೂ ಇದೆ. ಬಹುಪಾಲು ಲಿಂಫೋಮಾ ಬಿ-ಕೋಶದವು. ಟಿ-ಕೋಶದವು ಕಡಿಮೆ. ಆದರೆ ಕಾಯುವ ಕೋಶವೇ ಕೆಟ್ಟಿರುವುದರಿಂದ ರೋಗಿಯ ಪಾಡು ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕ್ಯಾನ್ಸರಿನ ಜೊತೆಗೆ ಬೇರೆ ಸೋಂಕುಗಳೂ ಮುತ್ತಿಕೊಳ್ಳುತ್ತವೆ. ಎಷ್ಟೋ ಜನರನ್ನು ಕೊನೆಗೆ ಕೊಂಡೊಯ್ಯುವುದು ಆ ಸೋಂಕುಗಳೇ.

ಕ್ಯೂಶುವಿಗೆ ಮರಳೋಣ. ರೋಗ ಒಂದು ಸೀಮೆಗೆ ಅಂಟಿಕೊಂಡಿದೆ ಎಂದಮೇಲೆ ನೀರೋ, ಆಹಾರವೋ, ವಂಶವೋ, ವೈರಸ್ಸೋ, ಯಾವುದೋ ಒಂದು ಕಾರಣ ಇರಲೇಬೇಕು. ಇದೇ ಹೊತ್ತಿಗೆ ಅಮೆರಿಕದಲ್ಲಿ ರಾಬರ್ಟ್ ಗ್ಯಾಲೊ ಎಂಬವರು ಮನುಷ್ಯರಲ್ಲಿ ರೆಟ್ರೋವೈರಸ್ ಹುಡುಕುತ್ತಿದ್ದರು. ರೆಟ್ರೋವೈರಸ್ ಎಂದರೆ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲು ಮಾಡಿ ನಮ್ಮ ವಂಶವಾಹಿಗಳ ನಡುವೆಯೇ ಹೊಲಿದುಕೊಳ್ಳುವ ವೈರಸ್. ಕೋಳಿಯಲ್ಲಿ, ಇಲಿಯಲ್ಲಿ, ಬೆಕ್ಕಿನಲ್ಲಿ ಅದು ಕ್ಯಾನ್ಸರ್ ತರುವುದು ಗೊತ್ತಿತ್ತು; ಮನುಷ್ಯರಲ್ಲಿ ಇಲ್ಲ ಎಂದೇ ಹೆಚ್ಚಿನವರ ನಂಬಿಕೆ. 1976ರಲ್ಲಿ ಗ್ಯಾಲೊ ಅವರ ಪ್ರಯೋಗಾಲಯ ಟಿ-ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ಉಪಾಯ ಕಂಡುಕೊಂಡಿತು. ಅದಕ್ಕೆ ಬೇಕಾದ ಬೆಳವಣಿಗೆಯ ಪದಾರ್ಥವನ್ನು ಈಗ ಇಂಟರ್‌ಲ್ಯೂಕಿನ್-2 ಎನ್ನುತ್ತೇವೆ. ಆ ಉಪಾಯದಿಂದಲೇ 1980ರಲ್ಲಿ ಚರ್ಮದ ಟಿ-ಕೋಶ ಲಿಂಫೋಮಾ ಇದ್ದ ಒಬ್ಬ ರೋಗಿಯ ಕೋಶಗಳಿಂದ ಮನುಷ್ಯರ ಮೊದಲ ರೆಟ್ರೋವೈರಸ್ ಸಿಕ್ಕಿತು. ಎಚ್‌ಟಿಎಲ್‌ವಿ-1 ಎಂಬುದು ಅದರ ಈಗಿನ ಹೆಸರು.

ಜಪಾನಿನಲ್ಲಿ ಇಸಾವೊ ಮಿಯೋಶಿ ಎಂಬ ವೈದ್ಯರು ಒಬ್ಬ ರೋಗಿಯ ಕ್ಯಾನ್ಸರ್ ಕೋಶಗಳನ್ನು ಪ್ರಯೋಗಾಲಯದಲ್ಲಿ ಸದಾ ಬೆಳೆಯುವಂತೆ ಒಗ್ಗಿಸಿದ್ದರು. ಅವರದು ಕೋಚಿ ಎಂಬ ಊರು. ನಮ್ಮ ಪಕ್ಕದ ಕೇರಳದ ಕೊಚ್ಚಿಯಲ್ಲ, ಶಿಕೊಕು ದ್ವೀಪದ ಕೋಚಿ. ಕ್ಯೋಟೊದ ವೈರಸ್ ತಜ್ಞ ಯೋರಿಯೊ ಹಿನುಮ ಆ ಕೋಶಗಳ ಮೇಲೆ ರೋಗಿಗಳ ರಕ್ತದ ತಿಳಿ ಹಾಕಿ ನೋಡಿದರು. ರೋಗಿಯ ಮೈಯಲ್ಲಿ ವೈರಸ್ಸಿಗೆ ಎದುರಾಗಿ ಪ್ರತಿಕಾಯ ಹುಟ್ಟಿದ್ದರೆ ಅದು ಕೋಶಕ್ಕೆ ಅಂಟಿ, ಬಣ್ಣ ಹಾಕಿದಾಗ ಹೊಳೆಯಬೇಕು. 1981ರ ಅವರ ವರದಿಯ ಪ್ರಕಾರ 44 ರೋಗಿಗಳಲ್ಲಿ 44 ಜನರದ್ದೂ ಹೊಳೆಯಿತು. ಜೊತೆಗೆ ಇನ್ನೊಂದು ಸಂಗತಿ ಬಯಲಾಯಿತು: ರೋಗ ಹೆಚ್ಚಿರುವ ಸೀಮೆಗಳ ಆರೋಗ್ಯವಂತ ವಯಸ್ಕರಲ್ಲೂ ಶೇಕಡಾ 26ರಷ್ಟು ಜನರ ರಕ್ತ ಹಾಗೆಯೇ ಹೊಳೆಯಿತು. ಅಂದರೆ ವೈರಸ್ ಹೊತ್ತವರು ಬಹಳ, ಕಾಯಿಲೆ ಬೀಳುವವರು ಕೆಲವರೇ. ಟೋಕಿಯೊದ ಮಿತ್ಸುವಾಕಿ ಯೋಶಿದ ವೈರಸ್ಸಿನ ಪೂರ್ತಿ ಬರಹವನ್ನು 1983ರ ಹೊತ್ತಿಗೆ ಓದಿ ಮುಗಿಸಿದರು. ಅಮೆರಿಕದ ವೈರಸ್ಸೂ ಜಪಾನಿನ ವೈರಸ್ಸೂ ಒಂದೇ ಎಂಬುದು ಖಚಿತವಾಯಿತು. ಒಬ್ಬ ರೋಗಿಯ ಎಲ್ಲ ಕ್ಯಾನ್ಸರ್ ಕೋಶಗಳಲ್ಲೂ ವೈರಸ್ ಒಂದೇ ಜಾಗದಲ್ಲಿ ಹೊಲಿದುಕೊಂಡಿರುವುದನ್ನೂ ಅವರ ತಂಡ ತೋರಿಸಿತು. ಒಂದೇ ಒಂದು ಸೋಂಕಿತ ಕೋಶದ ಸಂತಾನ ಈ ಕೋಟ್ಯಂತರ ಕೋಶಗಳು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಟಿ-ಕೋಶ ಬೆಳೆಸುವ ಈ ವಿದ್ಯೆ ಕೈಯಲ್ಲಿದ್ದದ್ದರಿಂದಲೇ 1983ರಲ್ಲಿ ಪ್ಯಾರಿಸ್ಸಿನವರಿಗೆ ಏಡ್ಸ್ ರೋಗದ ವೈರಸ್, ಅಂದರೆ ಎಚ್‌ಐವಿ, ಅಷ್ಟು ಬೇಗ ಸಿಕ್ಕಿತು ಎಂಬುದನ್ನೂ ನೆನೆಯಬೇಕು.

ಎಚ್‌ಐವಿಗೂ ಈ ಎಚ್‌ಟಿಎಲ್‌ವಿ-1ಕ್ಕೂ ಕುಲ ಒಂದಾದರೂ ಗುಣ ಬೇರೆ. ಎಚ್‌ಐವಿ ಟಿ-ಕೋಶವನ್ನು ಕೊಲ್ಲುತ್ತದೆ, ಇದು ಟಿ-ಕೋಶವನ್ನು ಬೆಳೆಸುತ್ತದೆ. ಅದು ಸಾವಿರಾರು ಮರಿ ವೈರಸ್ಸುಗಳನ್ನು ಹೊರಗೆ ಚೆಲ್ಲುತ್ತದೆ. ಇದಕ್ಕೆ ಆ ಅವಸರವಿಲ್ಲ. ತಾನು ಹೊಕ್ಕ ಕೋಶ ಎರಡಾದರೆ ತಾನೂ ಎರಡಾಯಿತು, ಅಷ್ಟೇ ಸಾಕು. ಒಬ್ಬರಿಂದ ಒಬ್ಬರಿಗೆ ದಾಟಬೇಕಾದರೂ ಜೀವಂತ ಕೋಶದೊಳಗೆ ಕೂತೇ ದಾಟಬೇಕು. ಗಾಳಿಯಲ್ಲಿ ಬರದು, ಮುಟ್ಟಿದರೆ ಬರದು. ದಾರಿಗಳು ಮೂರೇ: ರಕ್ತ, ಲೈಂಗಿಕ ಸಂಪರ್ಕ, ತಾಯಿಯ ಎದೆಹಾಲು. ಆದ್ದರಿಂದಲೇ ಅದು ಸಾವಿರಾರು ವರ್ಷ ಕೆಲವೇ ಮನೆತನಗಳಲ್ಲಿ, ಕೆಲವೇ ಸೀಮೆಗಳಲ್ಲಿ ಉಳಿದುಕೊಂಡಿತು. ಕ್ಯೂಶು, ಒಕಿನಾವಾ, ಉತ್ತರದ ಐನು ಜನ. ಜಪಾನಿನಾಚೆಗೆ ಕೆರಿಬಿಯನ್ ದ್ವೀಪಗಳು, ಪೆರು, ಇರಾನಿನ ಮಶ್ಹದ್ ಸುತ್ತಮುತ್ತ, ಆಸ್ಟ್ರೇಲಿಯಾದ ನಡುನಾಡಿನ ಮೂಲನಿವಾಸಿಗಳು. ಆಂಡಿಸ್ ಪರ್ವತಸೀಮೆಯ ಸುಮಾರು 1500 ವರ್ಷ ಹಳೆಯ ಶವವೊಂದರ ಅಸ್ಥಿಮಜ್ಜೆಯಲ್ಲೂ ಇದರ ಕುರುಹು ಸಿಕ್ಕಿದೆ ಎಂದು 1999ರಲ್ಲಿ ಜಪಾನಿ ವಿಜ್ಞಾನಿಗಳು ವರದಿ ಮಾಡಿದರು.

ವೈರಸ್ ಹೊತ್ತ ನೂರು ಜನರಲ್ಲಿ ಸುಮಾರು ಐದು ಜನರಿಗೆ ಈ ಕ್ಯಾನ್ಸರ್ ಬರುತ್ತದೆ. ಬರುವುದು ಹಸುಗೂಸಾಗಿದ್ದಾಗ ಸೋಂಕು ತಗಲಿ ನಲವತ್ತು, ಐವತ್ತು, ಅರವತ್ತು ವರ್ಷ ಕಳೆದ ಮೇಲೆ. ಇಷ್ಟು ತಡ ಏಕೆ? ವೈರಸ್ಸಿನ ಎರಡು ಪ್ರೋಟೀನುಗಳ ಕಡೆ ನೋಡಬೇಕು. ಒಂದು ಟ್ಯಾಕ್ಸ್. ಅದು ಕೋಶವನ್ನು ಬಡಿದೆಬ್ಬಿಸಿ ಬೆಳೆಸುತ್ತದೆ, ಆದರೆ ನಮ್ಮ ರೋಗನಿರೋಧಕ ವ್ಯವಸ್ಥೆ ಅದನ್ನು ಕಂಡ ಕೂಡಲೇ ಮೇಲೆ ಬೀಳುತ್ತದೆ. ಇನ್ನೊಂದು ಎಚ್‌ಬಿಜ಼ಡ್. 2002ರಲ್ಲಿ ಗೊತ್ತಾದ ಇದು ವೈರಸ್ಸಿನ ಬರಹವನ್ನು ಹಿಂದುಮುಂದಾಗಿ ಓದಿದಾಗ ಹುಟ್ಟುವ ಪ್ರೋಟೀನು, ಸದ್ದಿಲ್ಲದೆ ಕೆಲಸ ಮಾಡುತ್ತದೆ. ರೋಗ ಬಲಿತ ಮೇಲೆ ಎಷ್ಟೋ ರೋಗಿಗಳ ಕೋಶಗಳು ಟ್ಯಾಕ್ಸನ್ನು ಕಳಚಿ ಎಸೆದಿರುತ್ತವೆ, ಎಚ್‌ಬಿಜ಼ಡ್ ಮಾತ್ರ ಉಳಿದಿರುತ್ತದೆ. ಈ ಕಣ್ಣುಮುಚ್ಚಾಲೆ ದಶಕಗಟ್ಟಲೆ ನಡೆಯುವಾಗ ಕೋಶದ ಸ್ವಂತ ವಂಶವಾಹಿಗಳಲ್ಲಿ ಒಂದೊಂದೇ ದೋಷ ಸೇರುತ್ತಾ ಹೋಗುತ್ತದೆ. 2015ರಲ್ಲಿ ಕೇಸುಕೆ ಕತಾವೊಕ ಮತ್ತು ಸಂಗಡಿಗರು 426 ರೋಗಿಗಳ ಕ್ಯಾನ್ಸರ್ ಕೋಶಗಳನ್ನು ಜಾಲಾಡಿ ಈ ದೋಷಗಳ ನಕ್ಷೆ ತೆಗೆದರು. ಹೆಚ್ಚಿನವು ಬಿದ್ದಿರುವುದು ಟಿ-ಕೋಶ ಸಂದೇಶ ಪಡೆದು ಎಚ್ಚರಗೊಳ್ಳುವ ದಾರಿಯ ಮೇಲೇ. ವೈರಸ್ಸಿನ ಟ್ಯಾಕ್ಸ್ ಹಿಡಿದ ದಾರಿಯೂ ಹೆಚ್ಚುಕಡಿಮೆ ಅದೇ.

ಈಗ ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದೆನಿಸುವ ಭಾಗಕ್ಕೆ ಬರುತ್ತೇನೆ. ಅದು ನಡೆದದ್ದು ಕ್ಯೂಶುವಿನ ನಾಗಾಸಾಕಿಯಲ್ಲಿ. ಹೌದು, ಅಣುಬಾಂಬು ಬಿದ್ದ ಅದೇ ನಾಗಾಸಾಕಿ. ಸೋಂಕಿತ ತಾಯಂದಿರ ಎದೆಹಾಲಿನಲ್ಲಿ ಸೋಂಕಿತ ಕೋಶಗಳಿರುವುದು 1980ರ ದಶಕದ ನಡುವಿನಲ್ಲಿ ಗೊತ್ತಾಯಿತು. ಅಂಥ ಹಾಲು ಕುಡಿಸಿದ ಮಾರ್ಮೊಸೆಟ್ ಕೋತಿಗಳಿಗೂ ಸೋಂಕು ತಗಲಿತು. 1987ರಲ್ಲಿ ಶಿಗೆವೊ ಹಿನೊ ಮತ್ತು ಸಂಗಡಿಗರು ಆ ಪ್ರಾಂತ್ಯದ ಗರ್ಭಿಣಿಯರ ರಕ್ತ ಪರೀಕ್ಷಿಸಿ, ವೈರಸ್ ಇದ್ದವರಿಗೆ ಎದೆಹಾಲು ಬಿಟ್ಟು ಡಬ್ಬಿ ಹಾಲು ಕೊಡಿ ಎಂದು ಸಲಹೆ ಕೊಡುವ ಕಾರ್ಯಕ್ರಮ ಶುರು ಮಾಡಿದರು. ಬಹಳ ಕಾಲ ಎದೆಹಾಲುಂಡ ಮಕ್ಕಳಲ್ಲಿ ನೂರಕ್ಕೆ ಸುಮಾರು ಇಪ್ಪತ್ತು ಮಕ್ಕಳಿಗೆ ಸೋಂಕು ದಾಟುತ್ತಿತ್ತು. ಎದೆಹಾಲು ಬಿಟ್ಟವರಲ್ಲಿ ಅದು ಎರಡು ಮೂರಕ್ಕೆ ಇಳಿಯಿತು. ರಕ್ತದಾನಿಗಳ ಪರೀಕ್ಷೆ ಅದರ ಹಿಂದಿನ ವರ್ಷ, 1986ರಲ್ಲೇ ಆರಂಭವಾಗಿತ್ತು.

ಹೇಳುವುದಕ್ಕೆ ಸುಲಭ. ಹೆತ್ತ ತಾಯಿಗೆ ನಿನ್ನ ಹಾಲು ಕೊಡಬೇಡ ಎನ್ನುವುದು ಯಾವ ವೈದ್ಯನಿಗೂ ಹಿತವಾದ ಮಾತಲ್ಲ. ಮಗುವಿಗೆ ರೋಗ ಬಂದರೂ ಬರುವುದು ಅದು ಅಜ್ಜ ಅಜ್ಜಿ ಆಗುವ ವಯಸ್ಸಿನಲ್ಲಿ, ಅದೂ ನೂರಕ್ಕೆ ಐವರಿಗೆ. ಎದೆಹಾಲಿನ ಲಾಭವೋ, ಇವತ್ತೇ ಕಣ್ಣೆದುರಿಗೆ ಇದೆ. ಶುದ್ಧ ನೀರು, ಡಬ್ಬಿ ಹಾಲು ಕೈಗೆಟುಕುವ ನಾಡಿನಲ್ಲಿ ಮಾತ್ರ ಈ ಸಲಹೆ ಸರಿ. ಬಡ ನಾಡುಗಳಲ್ಲಿ ಇದೇ ಸಲಹೆ ಭೇದಿಯಿಂದ ಮಕ್ಕಳನ್ನು ಕೊಲ್ಲಬಹುದು. ಎದೆಹಾಲನ್ನು ಹಿಂಡಿ, ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡಿ, ಕರಗಿಸಿ ಕುಡಿಸುವ ದಾರಿಯನ್ನೂ ಜಪಾನಿಯರು ಹಿಡಿದರು. ಹೆಪ್ಪುಗಟ್ಟಿದರೆ ಕೋಶ ಸಾಯುತ್ತದೆ, ಕೋಶದೊಡನೆ ವೈರಸ್ಸೂ. ಇಡೀ ದೇಶಕ್ಕೆ ಈ ಪರೀಕ್ಷೆ ಬಂದದ್ದು ಮಾತ್ರ ಬಹಳ ತಡವಾಗಿ. ಮಿಯಾಗಿ ಪ್ರಾಂತ್ಯದ ಗವರ್ನರ್ ಆಗಿದ್ದ ಶಿರೊ ಅಸಾನೊ ಅವರಿಗೆ 2009ರಲ್ಲಿ ಇದೇ ಕ್ಯಾನ್ಸರ್ ಬಂತು. ಅವರು ಅದನ್ನು ಬಚ್ಚಿಡಲಿಲ್ಲ. ಅಸ್ಥಿಮಜ್ಜೆ ಕಸಿಯಿಂದ ಚೇತರಿಸಿಕೊಂಡು ಊರೂರಲ್ಲಿ ಮಾತಾಡಿದರು. ವೈರಸ್ ಹೊತ್ತ ತಾಯಂದಿರೂ ದನಿಯೆತ್ತಿದರು. 2010ರಲ್ಲಿ ಪ್ರಧಾನಿ ನಾವೊತೊ ಕಾನ್ ಅವರ ಸರ್ಕಾರ ವಿಶೇಷ ತಂಡ ರಚಿಸಿ, ಎಲ್ಲ ಗರ್ಭಿಣಿಯರಿಗೂ ಸರ್ಕಾರಿ ಖರ್ಚಿನಲ್ಲಿ ಪರೀಕ್ಷೆ ಎಂದು ತೀರ್ಮಾನಿಸಿತು. ನಾಗಾಸಾಕಿಯಲ್ಲಿ 1987ರಲ್ಲಿ ಹುಟ್ಟಿದ ಮಕ್ಕಳು ಈ ರೋಗದ ವಯಸ್ಸು ಮುಟ್ಟುವುದು 2050ರ ಆಸುಪಾಸಿಗೆ. ತಮ್ಮ ಕೆಲಸದ ಪೂರ್ತಿ ಫಲ ತಾವು ನೋಡುವುದಿಲ್ಲ ಎಂದು ಗೊತ್ತಿದ್ದೇ ಆ ವೈದ್ಯರು ಅದನ್ನು ಕೈಗೆತ್ತಿಕೊಂಡರು.

ಚಿಕಿತ್ಸೆಯ ಕಥೆ ಇಷ್ಟು ನೇರವಾಗಿಲ್ಲ. ತೀವ್ರ ಬಗೆಯ ರೋಗದಲ್ಲಿ ಅರ್ಧದಷ್ಟು ರೋಗಿಗಳು ಆರೇಳು ತಿಂಗಳು ದಾಟುತ್ತಿರಲಿಲ್ಲ. ಹಲವು ಕೀಮೋ ಔಷಧಿಗಳನ್ನು ಒಟ್ಟುಗೂಡಿಸಿ ಕೊಟ್ಟು ನೋಡಿದ, 2007ರಲ್ಲಿ ಪ್ರಕಟವಾದ ಒಂದು ದೊಡ್ಡ ಜಪಾನಿ ಪ್ರಯೋಗದಲ್ಲಿ ಮೂರು ವರ್ಷ ಬದುಕಿದವರು ನೂರಕ್ಕೆ 24. ಹಳೆಯ ಕೀಮೋದಲ್ಲಿ 13. ಗೆಲುವೆಂದು ಕರೆಯಲು ನಾಲಿಗೆ ಏಳುವುದಿಲ್ಲ. ಎಚ್‌ಐವಿ ಔಷಧಿಯಾದ ಜಿಡೊವುಡಿನ್ ಜೊತೆ ಇಂಟರ್‌ಫೆರಾನ್ ಸೇರಿಸಿ ಕೊಟ್ಟರೆ ರಕ್ತದಲ್ಲಿ ಹರಡಿದ ಬಗೆ ಮಣಿಯುತ್ತದೆ ಎಂದು 1995ರಲ್ಲಿ ತಿಳಿಯಿತು. ಗಂಟಾಗಿ ಬೆಳೆಯುವ ಲಿಂಫೋಮಾ ಬಗೆಗೆ ಅದು ನಾಟಲಿಲ್ಲ. ಪೂರ್ತಿ ಗುಣವಾಗುವ ಆಸೆ ಇರುವುದು ಬೇರೆಯವರ ಅಸ್ಥಿಮಜ್ಜೆ ಕಸಿಯಲ್ಲಿ. ಅಲ್ಲೂ ಒಂದು ತೊಡಕಿದೆ. ಕಸಿಗೆ ಮೊದಲು ಹುಡುಕುವುದು ಒಡಹುಟ್ಟಿದವರನ್ನು. ಆ ಅಣ್ಣನೋ ತಂಗಿಯೋ ಅದೇ ತಾಯಿಯ ಹಾಲು ಕುಡಿದವರು, ಅವರಲ್ಲೂ ಅದೇ ವೈರಸ್ ಇದ್ದರೆ?

ಜಪಾನಿನಲ್ಲೇ ಹುಟ್ಟಿದ ಒಂದು ಔಷಧಿಯ ಬಗ್ಗೆ ಹೇಳಲೇಬೇಕು. ಈ ಕ್ಯಾನ್ಸರ್ ಕೋಶಗಳ ಮೈಮೇಲೆ ಸಿಸಿಆರ್4 ಎಂಬ ಗ್ರಾಹಕವಿದೆ. ಟಿ-ಕೋಶವನ್ನು ಚರ್ಮದ ಕಡೆಗೆ ಕರೆದೊಯ್ಯುವುದು ಅದರ ಕೆಲಸ. ರೋಗಿಗಳ ಮೈಮೇಲೆ ದದ್ದೇಳುವುದರ ಗುಟ್ಟು ಬಹುಶಃ ಇಲ್ಲೇ ಇದೆ. ಅದಕ್ಕೆ ಅಂಟುವ ಪ್ರತಿಕಾಯವೇ ಮೊಗಾಮುಲಿಜುಮ್ಯಾಬ್. ತಯಾರಿಸಿದ್ದು ಬಿಯರ್ ಮಾಡುವ ಕಿರಿನ್ ಬಳಗದ ಔಷಧ ಕಂಪನಿ. ಪ್ರತಿಕಾಯಕ್ಕೆ ಜೋತುಬಿದ್ದಿರುವ ಸಕ್ಕರೆಯ ಸರಪಣಿಯಿಂದ ಫ್ಯೂಕೋಸ್ ಎಂಬ ಒಂದೇ ಕೊಂಡಿಯನ್ನು ಅವರು ತೆಗೆದರು. ಅಷ್ಟಕ್ಕೇ ಮೈಯ ಕೊಲ್ಲುವ ಕೋಶಗಳು ಅದನ್ನು ಹೆಚ್ಚು ಬಿಗಿಯಾಗಿ ಹಿಡಿಯತೊಡಗಿದವು. ಬೇರೆ ಚಿಕಿತ್ಸೆಯ ನಂತರ ರೋಗ ಮರುಕಳಿಸಿದ 26 ರೋಗಿಗಳಲ್ಲಿ 13 ಜನರ ರೋಗ ಇಳಿಯಿತು. 2012ರಲ್ಲಿ ಜಪಾನ್ ಒಪ್ಪಿಗೆ ಕೊಟ್ಟಿತು, ಚರ್ಮದ ಟಿ-ಕೋಶ ಲಿಂಫೋಮಾಗೆ 2018ರಲ್ಲಿ ಅಮೆರಿಕವೂ ಕೊಟ್ಟಿತು. ಆದರೆ ಜಗಳ ತಣಿಸುವ ಒಳ್ಳೆಯ ಟಿ-ಕೋಶಗಳ ಮೇಲೂ ಇದೇ ಗ್ರಾಹಕವಿದೆಯಲ್ಲ, ಅವೂ ಸಾಯುತ್ತವೆ. ಈ ಔಷಧಿ ಕೊಟ್ಟು ಸ್ವಲ್ಪ ದಿನಕ್ಕೇ ಕಸಿ ಮಾಡಿದರೆ ಕಸಿಯಾದ ಕೋಶಗಳು ರೋಗಿಯ ಮೈಮೇಲೇ ತಿರುಗಿಬೀಳುವುದು ಹೆಚ್ಚು ಎಂದು ಕಂಡುಬಂತು.

ಟಿ-ಕೋಶ ಕ್ಯಾನ್ಸರಿನಲ್ಲಿ ಬೇರೆ ಕ್ಯಾನ್ಸರುಗಳ ಬುದ್ಧಿ ಹೀಗೆಯೇ ಕೈಕೊಡುತ್ತದೆ. ಪಿಡಿ-1 ಎಂಬುದು ಟಿ-ಕೋಶದ ಅಂಕುಶ. ಆ ಅಂಕುಶ ತೆಗೆದರೆ ಟಿ-ಕೋಶ ಹುರುಪಿನಿಂದ ಗಡ್ಡೆಯ ಮೇಲೆ ಬೀಳುತ್ತದೆ. ಶ್ವಾಸಕೋಶದ ಕ್ಯಾನ್ಸರಿನಲ್ಲೂ ಚರ್ಮದ ಮೆಲನೋಮಾದಲ್ಲೂ ಇದು ಪವಾಡದಂತೆ ಕೆಲಸ ಮಾಡಿದೆ. ಅದೇ ಔಷಧಿಯನ್ನು ಈ ರೋಗದ ಮೂವರಿಗೆ ಕೊಟ್ಟಾಗ, ಒಂದೇ ಸಲ ಕೊಟ್ಟ ಮೇಲೆ ರೋಗ ಸರ್ರನೆ ಏರಿತು ಎಂದು 2018ರಲ್ಲಿ ವರದಿಯಾಯಿತು. ಇಲ್ಲಿ ಟಿ-ಕೋಶವೇ ಕ್ಯಾನ್ಸರ್, ಅದರ ಅಂಕುಶ ತೆಗೆದರೆ ಇನ್ನೇನಾದೀತು? ಕಾರ್-ಟಿ ಚಿಕಿತ್ಸೆಯದ್ದೂ ಇದೇ ಪಾಡು. ರೋಗಿಯ ಟಿ-ಕೋಶಗಳನ್ನು ಹೊರತೆಗೆದು ತಿದ್ದಿ ಮರಳಿ ಬಿಡುವ ಈ ಚಿಕಿತ್ಸೆ ಬಿ-ಕೋಶದ ಕ್ಯಾನ್ಸರಿಗೆ ನಮ್ಮ ದೇಶದಲ್ಲೂ ಬಂದಿದೆ. ಮುಂಬೈ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರು ರೂಪಿಸಿದ ದೇಶೀಯ ಚಿಕಿತ್ಸೆಗೆ 2023ರಲ್ಲಿ ಒಪ್ಪಿಗೆ ದೊರೆಯಿತು. ಬಿ-ಕೋಶಗಳೆಲ್ಲ ಸತ್ತರೂ ಮನುಷ್ಯ ಬದುಕಬಲ್ಲ, ಪ್ರತಿಕಾಯಗಳನ್ನು ಹೊರಗಿನಿಂದ ಕೊಡಬಹುದು. ಟಿ-ಕೋಶಗಳೆಲ್ಲ ಸತ್ತರೆ ಬದುಕಲಾರ. ಸಾಲದ್ದಕ್ಕೆ ತಿದ್ದಿದ ಟಿ-ಕೋಶಗಳು ಒಂದನ್ನೊಂದು ಕೊಂದುಕೊಳ್ಳುತ್ತವೆ. ಲಂಡನ್ನಿನ ಸಂಶೋಧಕರು 2017ರಲ್ಲಿ ಒಂದು ಜಾಣ ದಾರಿ ತೋರಿಸಿದರು. ಪ್ರತಿ ಟಿ-ಕೋಶದ ಗ್ರಾಹಕದಲ್ಲೂ ಎರಡು ಬಗೆಯ ತುಂಡುಗಳಲ್ಲಿ ಒಂದು ಮಾತ್ರ ಇರುತ್ತದೆ. ಕ್ಯಾನ್ಸರ್ ಒಂದೇ ಕೋಶದ ಸಂತಾನವಾದ್ದರಿಂದ ಅದರದ್ದೆಲ್ಲ ಒಂದೇ ಬಗೆ. ಆ ಬಗೆಯನ್ನು ಮಾತ್ರ ಗುರಿಯಿಟ್ಟರೆ ಇನ್ನೊಂದು ಬಗೆಯ ಒಳ್ಳೆಯ ಕೋಶಗಳು ಉಳಿಯುತ್ತವೆ. ವಂಶವಾಹಿಗಳ ಮೇಲಿನ ಬೀಗ ತೆರೆಯುವ ವ್ಯಾಲೆಮೆಟೊಸ್ಟ್ಯಾಟ್ ಎಂಬ ಗುಳಿಗೆಗೂ 2022ರಲ್ಲಿ ಜಪಾನ್ ಈ ಕ್ಯಾನ್ಸರಿಗಾಗಿ ಒಪ್ಪಿಗೆ ಕೊಟ್ಟಿದೆ.

ನಡುವೆ ಒಂದು ಮಾತು. 1977ರ ವರದಿಯ ಉಚಿಯಾಮ ಆಮೇಲೆ ಅಮೆರಿಕದ ಥಾಮಸ್ ವಾಲ್ಡ್‌ಮನ್ ಅವರ ಪ್ರಯೋಗಾಲಯಕ್ಕೆ ಹೋಗಿ, ಎಚ್ಚರಗೊಂಡ ಟಿ-ಕೋಶಗಳನ್ನು ಗುರುತಿಸುವ ಒಂದು ಪ್ರತಿಕಾಯ ತಯಾರಿಸಿದರು. ಅದರಿಂದ ಬೆಳೆದ ಔಷಧಿ 1997ರಲ್ಲಿ ಒಪ್ಪಿಗೆ ಪಡೆದದ್ದು ಲಿಂಫೋಮಾಗಲ್ಲ, ಕಸಿ ಮಾಡಿದ ಮೂತ್ರಪಿಂಡವನ್ನು ಮೈ ತಿರಸ್ಕರಿಸದಂತೆ ತಡೆಯುವುದಕ್ಕೆ.

ಇನ್ನು ನಮ್ಮ ಕಡೆಯ ಮಾತು. ಕರ್ನಾಟಕದ ಆಸ್ಪತ್ರೆಗಳಲ್ಲಿ ಕಾಣುವ ಟಿ-ಕೋಶ ಲಿಂಫೋಮಾಗಳು ಹೆಚ್ಚಾಗಿ ಬೇರೆ ಬಗೆಯವು, ಈ ವೈರಸ್ಸಿನವಲ್ಲ. ಎದೆಹಾಲಿನ ಬಗ್ಗೆ ನಾನು ಹೇಳಿದ್ದನ್ನು ಕೇಳಿ ಯಾವ ತಾಯಿಯೂ ಗಾಬರಿಯಾಗಬೇಕಿಲ್ಲ. ಮಗುವಿಗೆ ಹಾಲು ಕೊಡಿ. ನಮ್ಮ ತೊಂದರೆ ಬೇರೆ. ಕುತ್ತಿಗೆಯಲ್ಲಿ ಗಂಟು, ಸಂಜೆಯಾದರೆ ಜ್ವರ, ರಾತ್ರಿ ಬೆವರು, ತೂಕ ಇಳಿತ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಕ್ಷಯ. ಬಹಳ ಸಲ ಅದು ಕ್ಷಯವೇ ಆಗಿರುತ್ತದೆ. ಆದರೆ ಲಿಂಫೋಮಾ ಲಕ್ಷಣಗಳೂ ಇವೇ. ಪರೀಕ್ಷೆಯಿಲ್ಲದೆ ಊಹೆಯ ಮೇಲೆ ಕ್ಷಯದ ಮಾತ್ರೆ ಶುರುವಾದರೆ ತಿಂಗಳುಗಳು ಕಳೆದುಹೋಗುತ್ತವೆ.

ಆದ್ದರಿಂದ ಕೇಳುಗರಲ್ಲಿ ನನ್ನ ವಿನಂತಿ ಇಷ್ಟು. ನೋವಿಲ್ಲದ ಗಂಟು ಎರಡು ಮೂರು ವಾರವಾದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಸೂಜಿ ಹಾಕಿ ತೆಗೆದ ಹನಿಯಿಂದ ಲಿಂಫೋಮಾ ತೀರ್ಮಾನವಾಗುವುದಿಲ್ಲ; ಸಾಧ್ಯವಾದರೆ ಗಂಟನ್ನು ಇಡಿಯಾಗಿ ತೆಗೆದು ಬಯಾಪ್ಸಿಗೆ ಕಳಿಸಬೇಕು. ವರದಿಯಲ್ಲಿ ಲಿಂಫೋಮಾ ಎಂದು ಬಂದರೆ, ಇದು ಟಿ-ಕೋಶದ್ದೋ ಬಿ-ಕೋಶದ್ದೋ ಎಂದು ಕೇಳಿ. ಅದನ್ನು ಬಣ್ಣ ಹಾಕಿ ನೋಡುವ ಪರೀಕ್ಷೆ ದೊಡ್ಡ ಆಸ್ಪತ್ರೆಗಳಲ್ಲಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲೂ ಇದೆ. ಬಿ-ಕೋಶಕ್ಕೆಂದೇ ಗುರಿಯಿಟ್ಟ ಔಷಧಿ ಟಿ-ಕೋಶಕ್ಕೆ ನಾಟುವುದಿಲ್ಲ. ಹಾಗಾಗಿ ಆ ಉತ್ತರ ಕೈಗೆ ಬಂದ ಮೇಲೆಯೇ ಚಿಕಿತ್ಸೆ ಆರಂಭವಾಗಲಿ.